ಭಾನುವಾರವೇ ವಾರದ ಅಡುಗೆ ಮಾಡಿಡಬಹುದಾ? ನಮ್ಮ ಮನೆಯ ಲೆಕ್ಕ

ನೀವು ಕೇಳಿದ್ದು ಇಷ್ಟು: ಶಿವಮೊಗ್ಗದಿಂದ ಗಂಗಾವತಿಗೆ ವರ್ಗವಾಗಿ ಬಂದಿದ್ದೀರಿ. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಮನೆಯಲ್ಲಿ ಇಬ್ಬರು ಮಕ್ಕಳು. ಬೆಳಿಗ್ಗೆ ಎಂಟೂವರೆಗೆ ನಾಲ್ಕು ಡಬ್ಬಿ ಕಟ್ಟಬೇಕು. ಭಾನುವಾರ ಒಂದೇ ದಿನ ಇಡೀ ವಾರದ ಅಡುಗೆ ಮಾಡಿ ಫ್ರಿಜ್ಜಲ್ಲಿಟ್ಟರೆ ನಡೆಯುತ್ತಾ? ಓವನ್ ಇಲ್ಲದೆ ಮಗಳಿಗೆ ಕೇಕ್ ಮಾಡೋದು ಹೇಗೆ?

ನಮ್ಮ ಮನೆಯಲ್ಲಂತೂ ನಡೆಯಲಿಲ್ಲ. ನಾನು ಕೊಪ್ಪಳದವನು. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹೆಂಡತಿ ಸ್ಟಾಫ್ ನರ್ಸ್, ಅವಳಿಗೆ ಶಿಫ್ಟ್. ಹಾಗಾಗಿ ವಾರದಲ್ಲಿ ನಾಲ್ಕು ದಿನ ಬೆಳಗಿನ ಅಡುಗೆ ನನ್ನದೇ. ಮದುವೆಯಾದಾಗ ನನಗೆ ಚಹಾ ಬಿಟ್ಟು ಏನೂ ಬರುತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನಾಲ್ಕು ವರ್ಷದ ಹಿಂದೆ ನನಗೂ ಇದೇ ಹುಚ್ಚು ಹಿಡಿದಿತ್ತು. ಫೋನಲ್ಲಿ ವಿಡಿಯೋ ನೋಡಿ ಪ್ಲಾಸ್ಟಿಕ್ ಡಬ್ಬಿಗಳನ್ನು ತಂದೆ. ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಅಡುಗೆಮನೆಯಲ್ಲೇ ಬೆವರು ಸುರಿಸಿದೆ. ಬೇಳೆ ಸಾರು, ಆಲೂಗಡ್ಡೆ ಪಲ್ಯ, ಕಡಲೆ ಗೊಜ್ಜು, ಬದನೆಕಾಯಿ. ಡಬ್ಬಿಗಳ ಮೇಲೆ ಸೋಮವಾರ, ಮಂಗಳವಾರ ಅಂತ ಚೀಟಿ ಬೇರೆ ಅಂಟಿಸಿದ್ದೆ. ಮಂಗಳವಾರ ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಗಿದ್ದು ಬೆಳಗಿನ ಜಾವ ಬಂತು. ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆಲ್ಲ ನೀರು. ಬಿಸಿ ಮಾಡಿದರೆ ಆಯಿತು ಅಂದುಕೊಂಡು ಸಾರು ಕುದಿಸಿ ಮಗನ ಡಬ್ಬಿಗೆ ಹಾಕಿದೆ. ಸಂಜೆ ಡಬ್ಬಿ ಹಾಗೇ ವಾಪಸ್ಸು ಬಂತು. "ಅಪ್ಪಾ, ಸಾರು ಬುಸುಬುಸು ಅಂತಿತ್ತು" ಅಂದ. ಒಂದನೇ ಕ್ಲಾಸಿನ ಹುಡುಗನಿಗೆ ಇದ್ದ ಬುದ್ಧಿ ನನಗಿರಲಿಲ್ಲ. ಅವತ್ತು ಹೆಂಡತಿಯಿಂದ ಬಿದ್ದ ಬೈಗುಳ ಇಲ್ಲಿ ಬೇಡ.

ಅದೇ ವಾರ ಊರಿಂದ ಅವ್ವ ಬಂದಿದ್ದಳು. ಫ್ರಿಜ್ಜು ತೆಗೆದು ನೋಡಿ, "ಹಸೀದೆಲ್ಲ ಕೂಡಿಸಿ ಇಟ್ಟೀಯಲ್ಲೋ. ಹಸೀದು ಅವತ್ತಿಂದವತ್ತ ಉಣಬೇಕು. ಒಣಾದು ಡಬ್ಬ್ಯಾಗ ಇರಬೇಕು" ಅಂದಳು. ನಮ್ಮ ಪ್ಲಾನ್ ಅಂದರೆ ಈಗ ಅದೊಂದೇ ಮಾತು. ಸೋಮವಾರ ಏನು, ಮಂಗಳವಾರ ಏನು ಅಂತ ಪಟ್ಟಿ ಮಾಡುವುದನ್ನು ಬಿಟ್ಟೆವು. ಒಣ ಸಾಮಾನು ತಯಾರಿದೆಯಾ ಅನ್ನೋದನ್ನಷ್ಟೇ ನೋಡುತ್ತೇವೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ಈ ಬಿಸಿಲಿಗೆ ನೀರಿನಂಶ ಇರುವುದೆಲ್ಲ ಬೇಗ ಹಳಸುತ್ತದೆ, ಒಣಗಿದ್ದು ಮಾತ್ರ ಉಳಿಯುತ್ತದೆ. ಮಲೆನಾಡಿನಿಂದ ಬಂದ ನಿಮಗೆ ಇದು ಉಲ್ಟಾ ಅನ್ನಿಸಬಹುದು. ಅಲ್ಲಿ ಮಳೆಗಾಲದಲ್ಲಿ ಹಪ್ಪಳವೂ ಮೆತ್ತಗಾಗುತ್ತದೆ, ಅಲ್ವಾ?

ಮೊದಲು ಖಡಕ್ ರೊಟ್ಟಿ ವಿಷಯ. ಜನವರಿಯಲ್ಲಿ ನಮ್ಮ ಗವಿಮಠದ ಜಾತ್ರೆಗೆ ಬನ್ನಿ. ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಜೋಳದ ರೊಟ್ಟಿ ಬರುತ್ತವೆ, ಲಕ್ಷಗಟ್ಟಲೆ. ದಾಸೋಹ ದಿನಗಟ್ಟಲೆ ನಡೆಯುತ್ತದೆ. ಆ ರೊಟ್ಟಿಗೆ ಯಾವ ಫ್ರಿಜ್ಜೂ ಬೇಕಿಲ್ಲ. ಚೆನ್ನಾಗಿ ಒಣಗಿದ ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟರೆ ತಿಂಗಳು ಸಲೀಸಾಗಿ ಇರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ಇರುವಾಗಲೇ ಕಟ್ಟಿದರೆ ಬೂಸ್ಟು ಬರುತ್ತದೆ, ಅದೊಂದು ಮಾತ್ರ ಮಾಡಬೇಡಿ.

ಮನೆಯಲ್ಲೇ ರೊಟ್ಟಿ ಮಾಡುವ ಹಟ ನಿಮಗೆ ಬೇಡ. ನಮ್ಮ ಕಡೆ ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಹೆಂಗಸರು ಬಡಾವಣೆಗೆ ಒಬ್ಬರಾದರೂ ಇರುತ್ತಾರೆ. ಪಕ್ಕದ ಮನೆಯಲ್ಲಿ ಕೇಳಿ, ಹೇಳುತ್ತಾರೆ. ನಾವೂ ತಿಂಗಳಿಗೆ ಒಮ್ಮೆ ಅರವತ್ತು ಖಡಕ್ ರೊಟ್ಟಿ ತರಿಸುತ್ತೇವೆ. ಮೆತ್ತನೆ ಬಿಸಿ ರೊಟ್ಟಿ ಮಾತ್ರ ಮನೆಯಲ್ಲಿ, ಅದೂ ಸಂಜೆ ಇಬ್ಬರೂ ಇದ್ದ ದಿನ.

ಆದರೂ ಕಲಿಯುವ ಆಸೆ ಇದ್ದರೆ ಒಂದು ಗುಟ್ಟು ಹೇಳುತ್ತೇನೆ, ನನಗೆ ಇದು ತಿಳಿಯೋಕೆ ಆರು ತಿಂಗಳು ಬೇಕಾಯಿತು. ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಅಂಟಿನ ಅಂಶ ಜೋಳದಲ್ಲಿಲ್ಲ. ಹಾಗಾಗಿ ತಣ್ಣೀರಲ್ಲಿ ಕಲಸಿದರೆ ಹಿಟ್ಟು ಒಂದಕ್ಕೊಂದು ಹಿಡಿಯುವುದಿಲ್ಲ, ರೊಟ್ಟಿ ಅಂಚಿನಿಂದ ಹರಿಯುತ್ತದೆ. ಎಸರು ಕೊತಕೊತ ಕುದಿಯಬೇಕು. ಅದನ್ನು ಅರ್ಧ ಹಿಟ್ಟಿನ ಮೇಲೆ ಸುರಿದು, ಸೌಟಿನ ಹಿಂಬದಿಯಿಂದ ಕಲಸಿ, ಐದು ನಿಮಿಷ ಮುಚ್ಚಿಡಿ. ಹಿಟ್ಟು ಬೆಂದು ಅಂಟು ಬರುತ್ತದೆ. ಇದಕ್ಕೇ ನಮ್ಮಲ್ಲಿ ಜಿಗಿ ಅನ್ನುತ್ತಾರೆ. ಆಮೇಲೆ ಉಳಿದ ಹಿಟ್ಟು ಸೇರಿಸಿ ಅಂಗೈ ಬುಡದಿಂದ ನಾದಬೇಕು. ಉಂಡೆಯನ್ನು ಅಂಗೈಯಲ್ಲಿ ಒತ್ತಿದಾಗ ಅಂಚು ಬಿರಿಯದಿದ್ದರೆ ಹಿಟ್ಟು ಸರಿಯಾಗಿದೆ ಅಂತ ಲೆಕ್ಕ. ಎಷ್ಟು ನಾದಿದರೂ ಬಿರಿಯುತ್ತಿದ್ದರೆ ತಪ್ಪು ನಿಮ್ಮದಲ್ಲ, ಹಿಟ್ಟು ಹಳೆಯದು. ಗಿರಣಿಗೆ ಒಂದು ಸಲಕ್ಕೆ ಮೂರು ಕೇಜಿಗಿಂತ ಜಾಸ್ತಿ ಹಾಕಿಸಬೇಡಿ. ತಿಂಗಳು ದಾಟಿದ ಜೋಳದ ಹಿಟ್ಟಿಗೆ ಜಿಗಿಯೂ ಇರುವುದಿಲ್ಲ, ಸ್ವಲ್ಪ ಕಹಿಯೂ ಆಗುತ್ತದೆ. ನನಗೆ ಇವತ್ತಿಗೂ ಕೈಯಲ್ಲಿ ಬಡಿಯಲು ಬರುವುದಿಲ್ಲ, ಲಟ್ಟಣಿಗೆಯಲ್ಲಿ ಲಟ್ಟಿಸುತ್ತೇನೆ. "ಸಪ್ಪಳ ಇಲ್ಲದ ರೊಟ್ಟಿ ಅದೆಂಥಾ ರೊಟ್ಟಿ" ಅಂತ ಅವ್ವ ನಗುತ್ತಾಳೆ. ತಿನ್ನುವಾಗ ಮಾತ್ರ ಸುಮ್ನೆ ತಿನ್ನುತ್ತಾಳೆ.

ರೊಟ್ಟಿ ಆದ ಮೇಲೆ ಹಿಂಡಿ. ನೀವು ಚಟ್ನಿಪುಡಿ ಅನ್ನುವುದನ್ನೇ ನಾವು ಹಿಂಡಿ ಅನ್ನುತ್ತೇವೆ. ಶೇಂಗಾ, ಅಗಸಿ, ಗುರೆಳ್ಳು. ಗುರೆಳ್ಳು ಅಂದರೆ ನಿಮ್ಮ ಹುಚ್ಚೆಳ್ಳು. ಭಾನುವಾರ ಅಡುಗೆಮನೆಗೆ ಒಂದು ಗಂಟೆ ಕೊಡುವುದಾದರೆ ಇದಕ್ಕೇ ಕೊಡಿ. ಕಾಲು ಕೇಜಿ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಆರಿದ ಮೇಲೆ ಸಿಪ್ಪೆ ಉಜ್ಜಿ ಊದಿ. ಹತ್ತು ಎಸಳು ಬೆಳ್ಳುಳ್ಳಿ, ಎರಡು ಚಮಚ ಕೆಂಪು ಖಾರ, ಒಂದು ಚಮಚ ಜೀರಿಗೆ, ಉಪ್ಪು. ಮಿಕ್ಸಿಯನ್ನು ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಂದೊಂದು ಸೆಕೆಂಡು ಬಿಟ್ಟು ಬಿಟ್ಟು ತಿರುಗಿಸಿ. ಬೆರಳಲ್ಲಿ ಒತ್ತಿದಾಗ ಹಿಡಿ ಕಟ್ಟಬೇಕು, ಬಿಟ್ಟಾಗ ಉದುರಬೇಕು. ಒಣ ಚಮಚ ಹಾಕಿದರೆ ಎರಡು ವಾರ ಹೊರಗೇ ಇರುತ್ತದೆ. ಅಗಸಿ ಮಾತ್ರ ಬೇಗ ಕಮಟು ವಾಸನೆ ಹಿಡಿಯುತ್ತದೆ. ಅದನ್ನು ವಾರಕ್ಕೆ ಸಾಕಾಗುವಷ್ಟೇ ಪುಡಿ ಮಾಡುವುದು.

ಈ ಹಿಂಡಿ ಬರೀ ನಂಚಿಕೊಳ್ಳೋಕೆ ಅಂತ ತಿಳಿಯಬೇಡಿ. ನನ್ನ ಬೆಳಗಿನ ಅರ್ಧ ಅಡುಗೆ ಅದರಲ್ಲೇ ಇದೆ. ಬದನೆಕಾಯಿ ಎಣ್ಣೆಗಾಯಿಗೆ ಮಸಾಲೆ ಬೇರೆ ರುಬ್ಬುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎರಡೆರಡು ಚಮಚ, ಸ್ವಲ್ಪ ಹುಣಸೆ ರಸ, ಬೆಲ್ಲ ಕಲಸಿ ತುಂಬಿದರೆ ಮುಗಿಯಿತು. ಮಂಡಕ್ಕಿ ಒಗ್ಗರಣೆಗೆ ಪುಟಾಣಿ, ಅಂದರೆ ಹುರಿಗಡಲೆ, ಪುಡಿ ಇದ್ದರೆ ಹತ್ತು ನಿಮಿಷದ ಕೆಲಸ. ಅನ್ನದ ಮೇಲೆ ಹಿಂಡಿ ಉದುರಿಸಿ ಬಿಸಿ ಎಣ್ಣೆ ಹಾಕಿ ಕಲಸಿದರೆ ಮಗಳು ಬೇರೇನೂ ಕೇಳುವುದಿಲ್ಲ. ಅವಳು ಐದನೇ ಕ್ಲಾಸು. ಶಾಲೆಯಿಂದ ಬಂದ ಕೂಡಲೇ ಖಡಕ್ ರೊಟ್ಟಿ ಮುರಿದು, ಮೊಸರು ಹಾಕಿ, ಮೇಲೆ ಶೇಂಗಾ ಹಿಂಡಿ ಉದುರಿಸಿ ತಾನೇ ತಿನ್ನುತ್ತಾಳೆ. ಸಂಜೆ ತಿಂಡಿ ಏನು ಅನ್ನುವ ತಲೆನೋವೇ ಇಲ್ಲ.

ಕಾಳುಗಳ ವಿಷಯದಲ್ಲಿ ಒಂದೇ ಅಭ್ಯಾಸ ಸಾಕು. ರಾತ್ರಿ ಊಟದ ತಟ್ಟೆ ತೊಳೆಯುವ ಹೊತ್ತಿಗೆ ಒಂದು ಬಟ್ಟಲು ಕಾಳು ನೆನೆಹಾಕುವುದು. ಮಡಿಕೆ, ಹೆಸರು, ಅಲಸಂದಿ, ಯಾವುದು ಕೈಗೆ ಸಿಕ್ಕಿತೋ ಅದು. ಬೇಸಿಗೆಯಲ್ಲಿ ಮಡಿಕೆ ಕಾಳು ಬೆಳಿಗ್ಗೆ ಬಸಿದು ಬಟ್ಟೆ ಕಟ್ಟಿದರೆ ರಾತ್ರಿಗೆ ಮೊಳಕೆ. ನಿಮ್ಮೂರಲ್ಲಿ ಇದಕ್ಕೆ ಎರಡು ದಿನ ಬೇಕಾಗುತ್ತಿತ್ತೇನೋ. ನಮ್ಮ ಬಿಸಿಲಿಂದ ಇದೊಂದು ಲಾಭ.

ಇನ್ನು ಅನ್ನ. ನೀವು ಗಂಗಾವತಿಯಲ್ಲಿದ್ದೀರಿ, ಸೋನಾ ಮಸೂರಿಗೆ ಕೊರತೆಯಿಲ್ಲ, ಸುತ್ತಲೂ ಅಕ್ಕಿ ಗಿರಣಿ. ಕೊಳ್ಳುವಾಗ ಹಳೆ ಅಕ್ಕಿ ಕೇಳಿ. ಹೊಸ ಅಕ್ಕಿ ಡಬ್ಬಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮುದ್ದೆಯಾಗಿರುತ್ತದೆ. ಹೊಸದೇ ಸಿಕ್ಕಿದರೆ ನೀರು ಕಾಲು ಲೋಟ ಕಡಿಮೆ ಹಾಕಿ. ಮಿಕ್ಕ ಅನ್ನದ ಬಗ್ಗೆ ಮಾತ್ರ ನನ್ನ ಹೆಂಡತಿ ಬಲು ಕಟ್ಟುನಿಟ್ಟು. ಅಕ್ಕಿಯಲ್ಲಿ ಒಂದು ಜಾತಿ ಬ್ಯಾಕ್ಟೀರಿಯಾ ಇರುತ್ತದಂತೆ. ಅನ್ನ ಬೇಯಿಸಿದರೂ ಅದರ ಬೀಜಕಣ ಪೂರ್ತಿ ಸಾಯುವುದಿಲ್ಲ. ಅನ್ನ ಹೊರಗೆ ಬಿಸಿಲಲ್ಲಿ ಕೂತರೆ ಅದು ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಮಿಕ್ಕ ಅನ್ನವನ್ನು ಎರಡು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್ಜಿಗೆ ಹಾಕಬೇಕು, ಮರುದಿನ ಬೆಳಿಗ್ಗೆಯೇ ಚಿತ್ರಾನ್ನ ಮಾಡಿ ಮುಗಿಸಬೇಕು. ರಾತ್ರಿ ಕರೆಂಟು ಹೋಗಿದ್ದರೆ ಬೆಳಿಗ್ಗೆ ಅದನ್ನು ಚೆಲ್ಲುತ್ತಾಳೆ, ನನ್ನ ಮುಖ ನೋಡುವುದಿಲ್ಲ.

ಒಂದು ಹಸಿ ಪದಾರ್ಥಕ್ಕೆ ಮಾತ್ರ ಅವ್ವನ ಕಾನೂನಿನಿಂದ ವಿನಾಯಿತಿ ಇದೆ. ಪುಂಡಿ ಪಲ್ಯ. ಪುಂಡಿ ಸೊಪ್ಪು ಸ್ವಭಾವತಃ ಹುಳಿ, ಅದಕ್ಕೇ ಬೇಗ ಕೆಡುವುದಿಲ್ಲ. ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ರಾತ್ರಿ ಮಾಡಿದ್ದು ಬೆಳಿಗ್ಗೆಗೆ ಇನ್ನೂ ರುಚಿ. ನಾಳೆ ಬೆಳಿಗ್ಗೆ ಇಬ್ಬರಿಗೂ ಬೇಗ ಹೋಗಬೇಕು ಅಂದರೆ ಇವತ್ತು ರಾತ್ರಿ ನಮ್ಮ ಮನೆಯಲ್ಲಿ ಪುಂಡಿ ಪಲ್ಯ ಅಂತಲೇ ಅರ್ಥ.

ಪಟ್ಟಿ ಬಿಟ್ಟೆವು ಅಂದೆನಲ್ಲ, ಪೂರ್ತಿ ಬಿಟ್ಟಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹೆಂಡತಿಯ ಶಿಫ್ಟ್ ಬರೆದಿರುತ್ತೇವೆ. ಅವಳಿಗೆ ಬೆಳಗಿನ ಶಿಫ್ಟ್ ಇದ್ದರೆ ನಾನು ಆರಕ್ಕೆ ಏಳುತ್ತೇನೆ. ಕುಕ್ಕರಿನಲ್ಲಿ ಕೆಳಗೆ ಬೇಳೆ, ಮೇಲೆ ಅಕ್ಕಿ. ಪಕ್ಕದ ಒಲೆಯಲ್ಲಿ ನೆನೆದ ಕಾಳಿನ ಪಲ್ಯ. ಏಳೂಕಾಲಿಗೆ ಮುಗಿಯುತ್ತದೆ. ಉಳ್ಳಾಗಡ್ಡಿಯನ್ನು ರಾತ್ರಿಯೇ ಹೆಚ್ಚಿಡುವುದು ನನಗೆ ಇಷ್ಟವಿಲ್ಲ, ವಾಸನೆ ಬರುತ್ತದೆ. ಬೆಳ್ಳುಳ್ಳಿ ಮಾತ್ರ ಟಿವಿ ನೋಡುತ್ತಾ ವಾರಕ್ಕಾಗುವಷ್ಟು ಸುಲಿದಿಡುತ್ತೇನೆ. ಅವಳಿಗೆ ರಾತ್ರಿ ಶಿಫ್ಟ್ ಇದ್ದ ದಿನ ಮಂಡಕ್ಕಿ ಒಗ್ಗರಣೆ, ಮಕ್ಕಳ ಡಬ್ಬಿಗೆ ಚಿತ್ರಾನ್ನ. ವಾರಕ್ಕೊಂದು ಸಂಜೆ ಒಲೆಯನ್ನೇ ಹಚ್ಚುವುದಿಲ್ಲ. ಖಡಕ್ ರೊಟ್ಟಿ, ಹಿಂಡಿ, ಮೊಸರು, ಹಸಿ ಮೆಂತೆ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ. ನೆಂಟರು ನೋಡಿದರೆ ಇದೇನು ಊಟ ಅಂದಾರು. ರೊಟ್ಟಿ ತಿಂದು ಬೆಳೆದವರಿಗೆ ಅದೇ ಹಬ್ಬ. ನಿಮ್ಮ ಮಕ್ಕಳಿಗೆ ಶುರುವಿನಲ್ಲಿ ರೊಟ್ಟಿ ಗಟ್ಟಿ ಅನ್ನಿಸಬಹುದು. ನೀರು ಚಿಮುಕಿಸಿ ಎರಡು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ.

ಈಗ ಕೇಕ್. ಮೈದಾ ಬೇಡ, ಸಣ್ಣ ರವೆ ಸಾಕು. ಒಂದು ಲೋಟ ರವೆ, ಅರ್ಧ ಲೋಟ ಹುಳಿ ಮೊಸರು, ಅರ್ಧ ಲೋಟ ಹಾಲು, ಅರ್ಧ ಲೋಟ ಸಕ್ಕರೆ, ಕಾಲು ಲೋಟ ಎಣ್ಣೆ ಕಲಸಿ ಅರ್ಧ ಗಂಟೆ ಬಿಡಿ. ರವೆ ಹಾಲು ಕುಡಿದು ಉಬ್ಬುತ್ತದೆ. ನಮ್ಮಲ್ಲಿ ಬೇಸಿಗೆಯ ಮೊಸರು ಮಧ್ಯಾಹ್ನಕ್ಕೇ ಹುಳಿಯಾಗುತ್ತೆ ಅಂತ ಬೇಜಾರಾಗಬೇಡಿ. ಕೇಕಿಗೆ ಅದೇ ಬೇಕು, ಹುಳಿ ಇದ್ದರೆ ಸೋಡಾ ಚೆನ್ನಾಗಿ ಕೆಲಸ ಮಾಡುತ್ತದೆ. ಕೊನೆಯಲ್ಲಿ ಒಂದು ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ, ಏಲಕ್ಕಿ ಪುಡಿ ಹಾಕಿ ಮೆಲ್ಲಗೆ ತಿರುವಿ, ಎಣ್ಣೆ ಸವರಿದ ಪಾತ್ರೆಗೆ ಹಾಕಿ.

ಹಳೆಯ ಕುಕ್ಕರಿನ ತಳಕ್ಕೆ ಒಂದು ಪದರ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಡಿ. ಮುಚ್ಚಳದ ರಬ್ಬರೂ ಸೀಟಿಯೂ ತೆಗೆದಿರಬೇಕು, ನೀರು ಹಾಕಬಾರದು. ಹತ್ತು ನಿಮಿಷ ಕಾಯಿಸಿ, ಆಮೇಲೆ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ನಲವತ್ತು ನಿಮಿಷ. ಕಡ್ಡಿ ಚುಚ್ಚಿದರೆ ಅಂಟದೆ ಬರಬೇಕು. ಕುಕ್ಕರಿನ ತಳ ಕಪ್ಪಾಗುತ್ತದೆ, ದಿನ ಅಡುಗೆ ಮಾಡುವ ಕುಕ್ಕರ್ ಇದಕ್ಕೆ ಬಳಸಬೇಡಿ. ನಾನು ಬಳಸಿ ಮತ್ತೊಮ್ಮೆ ಬೈಸಿಕೊಂಡಿದ್ದೇನೆ. ಆ ಉಪ್ಪನ್ನು ಎಸೆಯಬೇಡಿ, ಒಂದು ಡಬ್ಬಿಯಲ್ಲಿ ಹಾಕಿ ಮೇಲೆ 'ಕೇಕ್ ಉಪ್ಪು' ಅಂತ ಬರೆದಿಡಿ. ಇಲ್ಲದಿದ್ದರೆ ಯಾರಾದರೂ ಸಾರಿಗೆ ಹಾಕುತ್ತಾರೆ.