ರಾತ್ರಿಯ ಜಮಾಖರ್ಚು

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಕುಮಟಾ ತಾಲೂಕಿನ ಅಘನಾಶಿನಿ ನದಿ ದಂಡೆಯವರು. ವಯಸ್ಸು 63. ಸಹಕಾರಿ ಸಂಘವೊಂದರ ಸೆಕ್ರೆಟರಿಯಾಗಿ ನಿವೃತ್ತರಾದವರು. ಕರೆತಂದದ್ದು ಹೆಂಡತಿ. "ನಮ್ಮ ಮನೆಯವರು ರಾತ್ರಿ ಎರಡರವರೆಗೆ ಬರೆಯುತ್ತಾ ಕೂರುತ್ತಾರೆ ಮೇಡಂ. ಹಗಲು ಯಾರೊಂದಿಗೂ ಮಾತಿಲ್ಲ" ಎಂದರು.

ಎರಡನೇ ಭೇಟಿಗೆ ಆ ಪುಸ್ತಕವೇ ಬಂತು. ಕೆಂಪು ಬಟ್ಟೆಯ ಬೆನ್ನಿನ ಹಳೇ ಲೆಜರ್. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಖರ್ಚಿನ ಕಡೆ ಅಕ್ಷರಗಳು ಅಂಚಿನವರೆಗೂ ಹರಿದಿದ್ದವು: 'ತಂಗಿಯ ಮದುವೆಯಲ್ಲಿ ಆಡಿದ ಮಾತು', 'ಮಗನನ್ನು ಬೇಡದ ಕೋರ್ಸಿಗೆ ಹಾಕಿದ್ದು', ಮತ್ತೆ ಪುಟಪುಟಕ್ಕೂ ಕೆಂಪು ಶಾಯಿಯಲ್ಲಿ 'ಅಪ್ಪನ ಗಜನಿ'. ಜಮಾ ಕಡೆ ಬರೀ ಅಡ್ಡಗೆರೆ.

"ಪರಿಶೀಲಿಸದ ಬದುಕು ಬಾಳಲು ಯೋಗ್ಯವಲ್ಲ ಎಂದು ಸಾಕ್ರಟೀಸ್ ಹೇಳಿದ್ದಾನಲ್ಲ ಮೇಡಂ? ಪರಿಶೀಲಿಸುತ್ತಿದ್ದೇನೆ. ಉಳಿಕೆ ಶೂನ್ಯ ಬರುತ್ತಿದೆ."

ಇಂಥ ಮಾತು ಕೇಳಿದಾಗ ತತ್ತ್ವಚರ್ಚೆಗೆ ಇಳಿಯಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದೆ. (ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ.) ಇಲ್ಲ ಎಂದರು. ಒಂಬತ್ತು ಪ್ರಶ್ನೆಗಳ ಖಿನ್ನತೆಯ ಪಟ್ಟಿಯಲ್ಲೂ ಅಂಕ ಕಡಿಮೆಯೇ ಇತ್ತು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಲೆಜರಿನ ರಟ್ಟಿನ ಒಳಗೆ ಬರೆಸಿದೆ.

ಆಮೇಲೆ ಸಾಕ್ರಟೀಸನಿಗೆ ಬಂದೆವು. ಅವನು ಪರಿಶೀಲನೆ ನಡೆಸಿದ್ದು ಅಥೆನ್ಸಿನ ಸಂತೆಬೀದಿಯಲ್ಲಿ, ಸಿಕ್ಕಸಿಕ್ಕವರನ್ನು ಪ್ರಶ್ನೆ ಕೇಳುತ್ತಾ. ಒಬ್ಬನೇ ಕೂತು ಮಧ್ಯರಾತ್ರಿ ಲೆಜರ್ ತೆಗೆದಲ್ಲ. ಟ್ರಾಪ್ನೆಲ್ ಮತ್ತು ಕ್ಯಾಂಬೆಲ್ ಎಂಬ ಮನೋವಿಜ್ಞಾನಿಗಳು 1999ರಲ್ಲಿ ತನ್ನ ಬಗ್ಗೆ ಯೋಚಿಸುವ ಎರಡು ಬಗೆಗಳನ್ನು ಬೇರ್ಪಡಿಸಿ ತೋರಿಸಿದರು. ನಷ್ಟ, ಅವಮಾನಗಳ ಭಯದಿಂದ ತನ್ನನ್ನೇ ಮೆಲುಕು ಹಾಕುವುದು ಒಂದು. ತನ್ನ ಬಗ್ಗೆ ಕುತೂಹಲದಿಂದ ಯೋಚಿಸುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಆತ್ಮಾವಲೋಕನವೇ. ಸೆಕ್ರೆಟರಿಯವರ ಪುಸ್ತಕದ ನೂರಾರು ಸಾಲುಗಳಲ್ಲಿ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯೂ ಇರಲಿಲ್ಲ. ಎಲ್ಲವೂ ತೀರ್ಪು.

"ಅಪ್ಪನ ಗಜನಿ ಎಂದರೇನು?" ಎಂದೆ. ನಾನು ಘಟ್ಟದ ಮೇಲಿನವಳು, ನಿಜವಾಗಿಯೂ ಗೊತ್ತಿರಲಿಲ್ಲ. ಅಳಿವೆಯ ಉಪ್ಪುನೀರು ನುಗ್ಗುವ ಗದ್ದೆಯಂತೆ. ಅಲ್ಲಿ ಅಪ್ಪ ಕಗ್ಗ ಭತ್ತ ಬೆಳೆಯುತ್ತಿದ್ದರು. ಉಪ್ಪು ತಾಳುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದ ತಳಿ. ಅಪ್ಪ ಹೋದ ಮೇಲೆ ಇವರು ಗದ್ದೆಯನ್ನು ಸಿಗಡಿಯವರಿಗೆ ಗುತ್ತಿಗೆ ಕೊಟ್ಟರು.

"ಮುಳುಗಿದ ಸಸಿ ಉಸಿರಾಡುವುದು ಹೇಗೆ? ನೀರು ತಡೆಯುವ ಕಟ್ಟಿನ ಬಾಗಿಲು ತೆಗೆಯುವ ಹೊತ್ತು ಅಪ್ಪನಿಗೆ ಹೇಗೆ ತಿಳಿಯುತ್ತಿತ್ತು?"

ಸುಮಾರು ಹೊತ್ತು ಸುಮ್ಮನಿದ್ದರು. "ಕೇಳಲೇ ಇಲ್ಲ" ಎಂದರು. ತಕ್ಷಣ ಪೆನ್ನು ತೆಗೆದು ಅದನ್ನೂ ಖರ್ಚಿಗೆ ಬರೆಯಹೊರಟರು! ಕೈ ಹಿಡಿಯುವುದೊಂದು ಬಾಕಿ, ತಡೆದೆ.

ಕೊಟ್ಟ ಸಲಹೆ ಇಷ್ಟು. ಖರ್ಚಿನ ಪುಟಕ್ಕೆ ಸಂಜೆ ದೀಪ ಹಚ್ಚುವ ಮೊದಲು ಹದಿನೈದು ನಿಮಿಷ, ಆಮೇಲೆ ಪುಸ್ತಕ ಹೆಂಡತಿಯ ಕಪಾಟಿಗೆ. 'ಯಾಕೆ ಹೀಗೆ ಮಾಡಿದೆ' ಎಂದು ಬರೆದ ಕಡೆ 'ಆಗ ನನಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ' ಎಂದು ತಿದ್ದಬೇಕು. ಇನ್ನು ಜಮಾ ಪುಟದಲ್ಲಿ ಪುಣ್ಯದ ಪಟ್ಟಿ ಬೇಡ. ಉತ್ತರ ಗೊತ್ತಿಲ್ಲದ ದಿನದ ಒಂದು ಪ್ರಶ್ನೆ, ಮತ್ತು ಅದನ್ನು ಯಾರ ಬಳಿ ಕೇಳಿದಿರಿ ಎಂಬುದು. ಯಾರ ಬಳಿಯೂ ಕೇಳದಿದ್ದರೆ ಬರೆಯುವಂತಿಲ್ಲ. ಮನುಷ್ಯರ ನಡುವೆ ಅವರನ್ನು ಮರಳಿ ತರುವ ನನ್ನ ಸಣ್ಣ ಹುನ್ನಾರ ಅದು. ಅವರಿಗೂ ಹೊಳೆದಿತ್ತು, ನಕ್ಕರು.

ತಿಂಗಳ ಮೇಲೆ ಬಂದಾಗ 'ಅಪ್ಪನ ಗಜನಿ' ಖರ್ಚಿನಲ್ಲಿ ಇನ್ನೂ ಇತ್ತು. ಅದು ಹೋಗುತ್ತದೆಂದು ನಾನು ಹೇಳಿಯೂ ಇರಲಿಲ್ಲ. ಎದುರು ಪುಟದಲ್ಲಿ ಮಾತ್ರ ಅದೇ ಕೆಂಪು ಶಾಯಿಯಲ್ಲಿ ಉಬ್ಬರ–ಇಳಿತದ ವೇಳೆ. ದಿನಕ್ಕೆ ಸರಾಸರಿ 50 ನಿಮಿಷ ಹಿಂದೆ ಬೀಳುವುದನ್ನು ತಾವೇ ಲೆಕ್ಕ ಹಾಕಿದ್ದರು. ಅದರ ಕೆಳಗೆ: 'ಹೀಗೇಕೆ ಎಂದು ಮೊಮ್ಮಗಳು ಕೇಳಿದಳು. ಚಂದ್ರನಿಂದ ಎಂದೆ. ಚಂದ್ರ ಏಕೆ ತಡ ಎಂದಳು. ಮಾಸ್ತರರನ್ನು ಕೇಳಬೇಕು.' ಇನ್ನೊಂದು ಪುಟಕ್ಕೆ ಕಗ್ಗದ ನಾಲ್ಕು ಕಾಳು ಅಂಟಿಸಿದ್ದರು. ಆಚೆ ಮನೆಯ ಅಜ್ಜಿಯೊಬ್ಬರು ಬೀಜ ಉಳಿಸಿಕೊಂಡಿದ್ದಾರಂತೆ.

ಮುಂದಿನ ಭೇಟಿ ಬುಧವಾರ ಬೆಳಿಗ್ಗೆ ಎಂದೆ. ಅವರು ಲೆಜರ್ ತೆರೆದು ಬೆರಳಿಟ್ಟು ನೋಡಿದರು.

"ಆ ಹೊತ್ತಿಗೆ ಇಳಿತ, ಮೇಡಂ. ಅಜ್ಜಿ ಕಟ್ಟು ತೋರಿಸುತ್ತೇನೆ ಎಂದಿದ್ದಾರೆ. ಮಧ್ಯಾಹ್ನ ಬರಲೇ?"