ಹೆಡ್‌ಫೋನ್ ಮುರಿದಿದೆ, ಬಾಳಿಕೆ ಬರೋದು ಯಾವುದು ಅಂತ ಕೇಳಿದ ಅಕ್ಕನಿಗೆ

ಅಕ್ಕಾ, ನಿಮ್ಮ ಪ್ರಶ್ನೆ ಕೆಳಗೆ ಎಲ್ಲರೂ ಒಂದೊಂದು ಕಂಪನಿ ಹೆಸರು ಹಾಕಿ ಹೋಗಿದ್ದಾರೆ. ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಾದಾಗ ಓದಿ.

ನೀವು ಹೇಳಿದ್ದು ಇಷ್ಟು. ವೈರಿನ ಹೆಡ್‌ಫೋನ್, ಮಡಚುವಂಥದ್ದು. ಮೊದಲು ಎಡಗಡೆ ಸದ್ದು ಬಂದು ಹೋಗಿ ಮಾಡುತ್ತಿತ್ತು, ಆಮೇಲೆ ಒಂದಿನ ಬ್ಯಾಗಿನೊಳಗೆ ಮಡಚುವ ಜಾಗದಲ್ಲೇ ಮುರಿಯಿತು. ಶಿರಸಿ-ಹುಬ್ಬಳ್ಳಿ ಬಸ್ಸಿನಲ್ಲಿ ಓಡಾಡುವಾಗ, ತೋಟದಲ್ಲಿ ಕೆಲಸ ಮಾಡುವಾಗ ಯಕ್ಷಗಾನ ಕೇಳಬೇಕು. ಎರಡು ಸಾವಿರದ ಒಳಗೆ ಆಗಬೇಕು, ವರ್ಷಕ್ಕೊಂದು ತಗೊಂಡು ಸಾಕಾಗಿದೆ. ಸರಿ ಅಲ್ವಾ?

ನನಗೆ ಹಾಳಾದ ರೇಡಿಯೋ, ಹೆಡ್‌ಫೋನ್ ಬಿಚ್ಚಿ ನೋಡುವ ಹುಚ್ಚು ಮೊದಲಿನಿಂದಲೂ ಇದೆ. ಕೈಗೆ ಬಂದವುಗಳಲ್ಲಿ ಒಳಗಿನ ಸ್ಪೀಕರ್ ಸತ್ತಿರುವುದು ತೀರಾ ಅಪರೂಪ. ಹೋಗುವುದು ವೈರು. ಅದೂ ಎಲ್ಲೆಂದರಲ್ಲಿ ಅಲ್ಲ, ಒಂದೋ ಪಿನ್ನಿನ ಕುತ್ತಿಗೆಯಲ್ಲಿ, ಇಲ್ಲಾ ಕಿವಿಯ ಬಟ್ಟಲಿನೊಳಗೆ ವೈರು ಹೋಗುವ ಜಾಗದಲ್ಲಿ. ಬಾವಿ ಹಗ್ಗ ರಾಟೆಗೆ ತಾಗುವ ಕಡೆಯೇ ಸವೆಯುತ್ತದಲ್ಲ, ಹಾಗೆ. ವೈರು ಬಿಟ್ಟರೆ ಮಡಚುವ ಪ್ಲಾಸ್ಟಿಕ್ ಕೀಲು, ಅದು ಬಿಟ್ಟರೆ ಕಿವಿಯ ಮೆತ್ತೆ. ಆದ್ದರಿಂದ ಸೌಂಡ್ ಹೇಗಿದೆ ಅಂತ ನೋಡುವ ಮೊದಲು ನಾನು ನೋಡುವುದು ಒಂದೇ: ವೈರು ಹೋದರೆ ವೈರಷ್ಟೇ ಬದಲಾಯಿಸಲು ಬರುತ್ತದಾ? ಬರುತ್ತದೆ ಅಂದರೆ ಅರ್ಧ ಚಿಂತೆ ಅಲ್ಲಿಗೇ ಮುಗಿಯಿತು.

ಹೊಸದು ತಗೊಳ್ಳುವ ಮೊದಲು ಹಳೆಯದನ್ನು ಒಮ್ಮೆ ನೋಡಿಬಿಡಿ, ಎಸೆದಿಲ್ಲ ತಾನೇ? ಬೇರೆ ಫೋನಿಗೆ ಹಾಕಿ ನೋಡಿ. ಎಷ್ಟೋ ಸಲ ತಪ್ಪು ಹೆಡ್‌ಫೋನಿನದ್ದೇ ಅಲ್ಲ, ಫೋನಿನ ತೂತಿನಲ್ಲಿ ಜೇಬಿನ ಬಟ್ಟೆಯ ಧೂಳು ಗಟ್ಟಿಯಾಗಿ ಕೂತು ಪಿನ್ನು ಪೂರ್ತಿ ಒಳಗೆ ಹೋಗುತ್ತಿರುವುದಿಲ್ಲ. ಫೋನ್ ಆಫ್ ಮಾಡಿ ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ತೆಗೆಯಿರಿ, ಸೂಜಿ ಹಾಕಬೇಡಿ. ಬೇರೆ ಫೋನಿನಲ್ಲೂ ಅದೇ ಕತೆ ಅಂದರೆ ಹಾಡು ಹಾಕಿಕೊಂಡು ಪಿನ್ನಿನ ಹತ್ತಿರ ವೈರನ್ನು ಆಚೆ ಈಚೆ ಬಗ್ಗಿಸಿ. ಸದ್ದು ಬಂದು ಹೋಗಿ ಮಾಡಿದರೆ ವೈರು ಅಲ್ಲೇ ಒಳಗೆ ತುಂಡಾಗಿದೆ. ಅಷ್ಟು ಕತ್ತರಿಸಿ ಹೊಸ ಪಿನ್ನು ಬೆಸುಗೆ ಹಾಕಿಸಿದರೆ ಆಯಿತು. ಪಿನ್ನಿಗೆ ದೊಡ್ಡ ದುಡ್ಡೇನಿಲ್ಲ. ಮೈಕ್ ಇರುವ ಹೆಡ್‌ಫೋನ್ ಆದರೆ ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇರುತ್ತದೆ, ಮೈಕ್ ಇಲ್ಲದಿದ್ದರೆ ಎರಡು, ಹೊಸದೂ ಅಂಥದ್ದೇ ಬೇಕು.

ರಿಪೇರಿ ಹುಡುಗರಿಗೆ ಒಂದು ಮಾತು ನೆನಪಿಸಿ. ಹೆಡ್‌ಫೋನ್ ವೈರಿನೊಳಗಿನ ಕೂದಲಿನಂಥ ತಂತಿಗಳ ಮೇಲೆ ಬಣ್ಣದ ಲೇಪ ಇರುತ್ತದೆ. ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡು, ಸಾಮಾನ್ಯವಾಗಿ ಹೀಗೆ. ಆ ಲೇಪವನ್ನು ಬಿಸಿ ಸೋಲ್ಡರಿನಲ್ಲಿ ಅದ್ದಿ ಸುಟ್ಟು ತೆಗೆಯದಿದ್ದರೆ ಬೆಸುಗೆ ಕೂತಂತೆ ಕಂಡರೂ ಸದ್ದು ಬರುವುದಿಲ್ಲ. "ಇದು ರಿಪೇರಿ ಆಗಲ್ಲ ಮೇಡಂ, ಹೊಸದು ತಗೊಳ್ಳಿ" ಅನ್ನುವವರಲ್ಲಿ ಅರ್ಧ ಜನ ಇಲ್ಲೇ ಕೈಚೆಲ್ಲಿರುತ್ತಾರೆ.

ಕೀಲು ಮುರಿದದ್ದಕ್ಕೆ ಫೆವಿಕ್ವಿಕ್ ಹಾಕಬೇಡಿ. ಅದು ಒಣಗಿದ ಮೇಲೆ ಗಾಜಿನ ಗುಣ, ಬಗ್ಗುವ ಜಾಗಕ್ಕೆ ಆಗಿಬರುವುದಿಲ್ಲ, ಮಾರನೇ ದಿನ ಮತ್ತೆ ಬಿಡುತ್ತದೆ. ಎರಡು ಟ್ಯೂಬಿನ ಅರಾಲ್ಡೈಟ್ ಕಲಸಿ ಹಚ್ಚಿ, ಸಣ್ಣ ತಂತಿಯ ತುಂಡನ್ನು ಆಧಾರಕ್ಕೆ ಇಟ್ಟು, ಬಿಗಿಯಾಗಿ ಕಟ್ಟಿ ಒಂದು ದಿನ ಪೂರ್ತಿ ಮುಟ್ಟದೆ ಬಿಡಿ. ಆಮೇಲೆ ಮಡಚಲು ಬರುವುದಿಲ್ಲ, ಆದರೆ ಮನೆಯಲ್ಲಿ ಕೇಳಲು ಧಾರಾಳವಾಗಿ ಆಗುತ್ತದೆ. ವೈರು ಸರಿಮಾಡಿಸುವವರೆಗೆ ಒಂದೇ ಕಿವಿಯಲ್ಲಿ ಕೇಳುವುದಾದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಮೋನೋ ಆಡಿಯೋ ಆನ್ ಮಾಡಿಕೊಳ್ಳಿ. ಎರಡೂ ಕಡೆಯದ್ದು ಒಂದೇ ಕಿವಿಗೆ ಬರುತ್ತದೆ, ಭಾಗವತರು ಒಂದು ಕಡೆ ಚಂಡೆ ಇನ್ನೊಂದು ಕಡೆ ಇರುವ ರೆಕಾರ್ಡಿಂಗ್ ಆದರೂ ಏನೂ ತಪ್ಪುವುದಿಲ್ಲ.

ಇನ್ನು ಹೊಸದು. ಕೆಳಗೆ ಒಬ್ಬರು ಬ್ಲೂಟೂತ್ ತಗೊಳ್ಳಿ, ವೈರಿನ ರಗಳೆಯೇ ಇಲ್ಲ ಅಂದಿದ್ದಾರೆ. ವೈರಿನ ರಗಳೆ ಇಲ್ಲ ನಿಜ, ಬ್ಯಾಟರಿಯ ರಗಳೆ ಇದೆ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆಗುವಷ್ಟರಲ್ಲಿ ಸೊರಗಲು ಶುರುವಾಗುತ್ತದೆ, ಅಗ್ಗದ ಹೆಡ್‌ಸೆಟ್ಟುಗಳಲ್ಲಿ ಅದನ್ನು ಬದಲಾಯಿಸಲು ಸುಲಭದ ದಾರಿ ಇಟ್ಟಿರುವುದಿಲ್ಲ. ಕಿವಿಯೊಳಗೆ ಹಾಕುವ ಪುಟಾಣಿ ಜೋಡಿಗಳಂತೂ ಬ್ಯಾಟರಿ ಹೋದ ದಿನ ಕಸವೇ. ಅಡಿಕೆ ಸಿಪ್ಪೆ ರಾಶಿಯಲ್ಲಿ ಒಂದು ಬಿದ್ದರೆ ಹುಡುಕುವುದೂ ಕಷ್ಟ, ಬಿಡಿ. ಬ್ಲೂಟೂತೇ ಬೇಕು ಅಂದರೆ 3.5 ಎಂಎಂ ಆಕ್ಸ್ ತೂತು ಇರುವ ದೊಡ್ಡ ಹೆಡ್‌ಫೋನ್ ನೋಡಿ. ಬ್ಯಾಟರಿ ಸತ್ತ ಮೇಲೂ ವೈರು ಹಾಕಿ ಕೇಳಬಹುದು, ವೈರು ಹೋದರೆ ಬೇರೆ ವೈರು. ಬೋಟ್ ರಾಕರ್ಜ್ 450ಯಲ್ಲಿ ಈ ತೂತು ಇದೆ, ಬೆಲೆಯೂ ನಿಮ್ಮ ಲೆಕ್ಕದಲ್ಲೇ ಬರುತ್ತದೆ. ಎಲ್ಲದರಲ್ಲೂ ಇರುತ್ತದೆ ಅಂದುಕೊಳ್ಳಬೇಡಿ. ಸೋನಿಯ ಡಬ್ಲ್ಯುಎಚ್-ಸಿಎಚ್520ಗೆ 50 ಗಂಟೆ ಬ್ಯಾಟರಿ ಅಂತ ಹೇಳಿಕೊಂಡಿದ್ದಾರೆ, ಆದರೆ ವೈರು ಹಾಕುವ ತೂತೇ ಇಲ್ಲ. ಜೆಬಿಎಲ್ ಟ್ಯೂನ್ 510ಬಿಟಿಯದ್ದೂ ಅದೇ ಕತೆ. ತೂತು ಇದೆಯಾ ಅಂತ ನೋಡಿಯೇ ತಗೊಳ್ಳಿ.

ನಾನಾದರೆ ವೈರಿನದ್ದನ್ನೇ ತಗೊಳ್ಳುತ್ತೇನೆ. ಬಸ್ಸಿಗೂ ತೋಟಕ್ಕೂ ಒಂದೇ ಸಾಕು ಅಂದರೆ ವೈರು ಕಳಚಿ ಬೇರೆ ಹಾಕಲು ಬರುವ ಇಯರ್‌ಫೋನ್ ತಗೊಳ್ಳಿ. ಇವನ್ನು ಐಇಎಂ ಅಂತ ಕರೆಯುತ್ತಾರೆ, ವೈರು ಕಿವಿಯ ಮೇಲಿಂದ ಸುತ್ತಿ ಹಿಂದಕ್ಕೆ ಹೋಗುತ್ತದೆ, ಬಗ್ಗಿ ಎದ್ದು ಕೆಲಸ ಮಾಡುವಾಗ ಕಳಚಿ ಬೀಳುವುದಿಲ್ಲ. ಕೆಝಡ್ ಕಂಪನಿಯ ಇಡಿಎಕ್ಸ್ ಪ್ರೋ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಮೂನ್‌ಡ್ರಾಪ್ ಚು 2 ಅದಕ್ಕಿಂತ ಸ್ವಲ್ಪ ಜಾಸ್ತಿ. ಎರಡರಲ್ಲೂ ಮಡಚುವ ಕೀಲಿಲ್ಲ, ಬ್ಯಾಟರಿ ಇಲ್ಲ, ಮುರಿಯಲು ಹೆಚ್ಚೇನೂ ಇಲ್ಲ. ವೈರು ಹೋದರೆ ಕೆಲವು ನೂರು ರೂಪಾಯಿಗೆ ಹೊಸ ವೈರು. ಆದರೆ ವೈರು ತರಿಸುವಾಗ ನಿಮ್ಮ ಮಾಡೆಲ್ಲಿಗೆ ಹೊಂದುತ್ತದೆ ಅಂತ ಬರೆದಿರುವುದನ್ನೇ ತರಿಸಿ. ವೈರಿನ ತುದಿಯಲ್ಲಿ ಇಯರ್‌ಫೋನಿಗೆ ಸಿಕ್ಕಿಸುವ ಎರಡು ಕಡ್ಡಿಯ ಪಿನ್ನಿನಲ್ಲೂ 0.75 ಮತ್ತು 0.78 ಎಂಎಂ ಅಂತ ಎರಡು ಅಳತೆ ಇದೆ, ಕೆಝಡ್‌ನದ್ದಕ್ಕೆ ಸುತ್ತ ಟೊಪ್ಪಿಯಂಥ ಆಕಾರ ಬೇರೆ.

ಯಕ್ಷಗಾನ ಅಂದಿರಲ್ಲ, ಅದಕ್ಕೊಂದು ಮಾತು. ಪೆಟ್ಟಿಗೆ ಮೇಲೆ ಎಕ್ಸ್‌ಟ್ರಾ ಬಾಸ್ ಅಂತ ದೊಡ್ಡದಾಗಿ ಬರೆದಿರುವುದನ್ನು ಬಿಟ್ಟುಬಿಡಿ. ಅದರಲ್ಲಿ ಮದ್ದಳೆ ಉಬ್ಬಿ ಬಂದು ಭಾಗವತರ ಪದ ಹಿಂದೆ ಸರಿಯುತ್ತದೆ, ಅರ್ಥ ಹೇಳುವವರ ಮಾತು ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಕೆಝಡ್‌ನದ್ದು ಮೇಲಿನ ಸ್ವರ ಸ್ವಲ್ಪ ಚೂಪು. ಚಂಡೆ ಏರುಪೆಟ್ಟಿಗೆ ಬಂದಾಗ ಕಿವಿ ಚುಚ್ಚಬಹುದು, ಹಳೇ ಕ್ಯಾಸೆಟ್ಟಿನಿಂದ ಇಳಿಸಿದ ಆಡಿಯೋ ಆದರೆ ಸುಯ್ ಅನ್ನುವ ಸದ್ದೂ ಎದ್ದು ಕಾಣುತ್ತದೆ. ಫೋನಿನ ಈಕ್ವಲೈಸರಿನಲ್ಲಿ ಕೊನೆಯ ಒಂದೆರಡು ಕಡ್ಡಿ ಇಳಿಸಿದರೆ ಸರಿಹೋಗುತ್ತದೆ. ಮಾತು ಮತ್ತು ಪದ ಮುಖ್ಯ ಅಂದರೆ ನನ್ನ ಓಟು ಚು 2ಗೆ.

ಕಿವಿಯೊಳಗೆ ತುರುಕುವುದು ನಿಮಗೆ ಆಗಿಬರುವುದಿಲ್ಲ ಅಂದರೆ ತಲೆ ಮೇಲೆ ಹಾಕುವುದರಲ್ಲಿ ಸೋನಿ ಎಂಡಿಆರ್-ಝಡ್‌ಎಕ್ಸ್110 ಇದೆ. ಹಗುರ, ಸಾವಿರದ ಆಸುಪಾಸು, ಎಲ್ಲ ಕಡೆ ಸಿಗುತ್ತದೆ. ಎಪಿ ಅಂತ ಕೊನೆಗೆ ಇರುವುದಕ್ಕೆ ಮೈಕ್ ಇದೆ. ತೊಂದರೆ ಏನೆಂದರೆ ವೈರು ಕಳಚಲು ಬರುವುದಿಲ್ಲ, ಎರಡೂ ಕಿವಿಗೆ ಬೇರೆ ಬೇರೆ ವೈರು ಹೋಗುತ್ತದೆ, ಅಂದರೆ ತುಂಡಾಗುವ ಜಾಗವೂ ಜಾಸ್ತಿ. ಬೆಸುಗೆ ಹಾಕುವವರು ಹತ್ತಿರದಲ್ಲಿ ಇದ್ದರೆ ಚಿಂತೆ ಇಲ್ಲ.

ದುಡ್ಡು ಸ್ವಲ್ಪ ಮೇಲೆ ಹೋದರೂ ಪರವಾಗಿಲ್ಲ ಅಂದರೆ ಕಾಸ್ ಪೋರ್ಟಾ ಪ್ರೋ. 1984ರಲ್ಲಿ ಬಂದ ಮಾಡೆಲ್, ಹೆಚ್ಚುಕಮ್ಮಿ ಅದೇ ರೂಪದಲ್ಲಿ ಈಗಲೂ ಮಾರುತ್ತಾರೆ. ತಲೆ ಪಟ್ಟಿ ಉಕ್ಕಿನದ್ದು, ಸ್ಪಂಜಿನ ಮೆತ್ತೆ ಹಾಳಾದರೆ ಬೇರೆ ಸಿಗುತ್ತದೆ, ಮಾತು ಬಹಳ ಚೆನ್ನಾಗಿ ಕೇಳುತ್ತದೆ. ಅಮೆರಿಕದಲ್ಲಿ ಅದಕ್ಕೆ ಜೀವಮಾನದ ವಾರಂಟಿ ಇದೆ. ಅದನ್ನು ನಂಬಿ ಇಲ್ಲಿ ತಗೊಳ್ಳಬೇಡಿ, ಇಲ್ಲಿ ಮಾರುವವರು ಬಿಲ್ಲಿನಲ್ಲಿ ಏನು ಬರೆದು ಕೊಡುತ್ತಾರೋ ಅಷ್ಟೇ ನಿಮ್ಮದು. ಮತ್ತೆ ಅದು ತೆರೆದ ಮಾದರಿ. ಬಸ್ಸಿನ ಸದ್ದೆಲ್ಲ ಒಳಗೆ ಬರುತ್ತದೆ, ನಿಮ್ಮ ಪದ ಪಕ್ಕದ ಸೀಟಿನವರಿಗೂ ಕೇಳುತ್ತದೆ (ಹುಬ್ಬಳ್ಳಿ ಬಸ್ಸಿನಲ್ಲಿ ಯಾರೂ ಬೇಡ ಅನ್ನಲಿಕ್ಕಿಲ್ಲ, ಆದರೂ). ಇನ್ನೊಂದು, ಪಟ್ಟಿ ಜಾರುವ ಜಾಗದಲ್ಲಿ ಉದ್ದ ಕೂದಲು ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದು ಹಳೆಯ ದೂರು.

ಯಾರೋ ಸೆನ್‌ಹೈಸರ್ ಎಚ್‌ಡಿ 25 ಅಂತ ಹಾಕಿದ್ದಾರೆ. ಗಟ್ಟಿತನದ ಮಾತು ಬಂದರೆ ಅದು ಸರಿಯೇ. 1988ರಿಂದ ಇದೆ, ಡಿಜೆಗಳು ದಿನಾ ಎಸೆದಾಡುತ್ತಾರೆ, ಒಂದೊಂದು ಭಾಗವೂ ಬಿಡಿಯಾಗಿ ಸಿಗುತ್ತದೆ. ಆದರೆ ಅಕ್ಕ ಕೇಳಿದ್ದು ಎರಡು ಸಾವಿರದ ಒಳಗೆ ಮಾರಾಯ್ರೇ.

ನಿಮ್ಮ ಫೋನಿನಲ್ಲಿ ಹೆಡ್‌ಫೋನ್ ತೂತು ಇದೆಯಾ, ಮೊದಲು ಅದು ನೋಡಿ. ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್ ಬೇಕು. ಅದರಲ್ಲಿ ಎರಡು ಜಾತಿ. ಒಂದರಲ್ಲಿ ಫೋನಿನ ಡಿಜಿಟಲ್ ಸಂಕೇತವನ್ನು ಹೆಡ್‌ಫೋನಿಗೆ ಬೇಕಾದಂತೆ ಬದಲಿಸುವ ಡಿಎಸಿ ಅನ್ನುವ ಚಿಪ್ಪು ಇರುತ್ತದೆ, ಇನ್ನೊಂದು ಬರೀ ವೈರು. ಎರಡನೆಯದು ಕೆಲವೇ ಫೋನುಗಳಲ್ಲಿ ನಡೆಯುತ್ತದೆ. ಅಗ್ಗ ಅಂತ ಅದನ್ನು ತಂದು, ಸದ್ದು ಬರಲಿಲ್ಲ ಅಂತ ಹೆಡ್‌ಫೋನನ್ನೇ ವಾಪಸ್ ಕಳಿಸುವವರು ಬಹಳ. ಡಿಎಸಿ ಇದೆ ಅಂತ ಬರೆದಿರುವುದನ್ನೇ ಕೇಳಿ ತಗೊಳ್ಳಿ. ಅಡಾಪ್ಟರನ್ನು ಹೆಡ್‌ಫೋನಿಗೇ ಸಿಕ್ಕಿಸಿ ಬಿಟ್ಟರೆ ಕಳೆದೂ ಹೋಗುವುದಿಲ್ಲ, ಜೇಬಿನಲ್ಲಿ ಎಳೆತ ಬಿದ್ದರೆ ಅದೇ ಮೊದಲು ಹಾಳಾಗುತ್ತದೆ, ಇಯರ್‌ಫೋನ್ ಉಳಿಯುತ್ತದೆ.

ಅಂಗಡಿಯಲ್ಲಿ ನೋಡುವಾಗ ಪಿನ್ನು ನೇರ ಇದೆಯೋ ಎಲ್ ಆಕಾರದಲ್ಲಿ ಬಗ್ಗಿದೆಯೋ ನೋಡಿ, ಜೇಬಿನಲ್ಲಿ ಫೋನ್ ಇಟ್ಟುಕೊಳ್ಳುವವರಿಗೆ ಬಗ್ಗಿದ್ದೇ ಒಳ್ಳೆಯದು. ಪಿನ್ನಿನ ಹಿಂದೆ ರಬ್ಬರಿನ ಕುತ್ತಿಗೆ ಉದ್ದವಾಗಿ, ಮೆತ್ತಗೆ ಬಗ್ಗುವಂತೆ ಇರಬೇಕು. ತಲೆ ಮೇಲಿನದ್ದಾದರೆ ಪಟ್ಟಿಯನ್ನು ಎಳೆದು ಉದ್ದ ಮಾಡಿ, ಒಳಗೆ ಲೋಹದ ಪಟ್ಟಿ ಕಾಣಬೇಕು. ಬರೀ ಪ್ಲಾಸ್ಟಿಕ್ ಕಂಡರೆ ಅಲ್ಲೇ ಇಟ್ಟು ಬನ್ನಿ. ಬೆಂಗಳೂರಿನ ಎಸ್‌ಪಿ ರೋಡ್, ನ್ಯಾಷನಲ್ ಮಾರ್ಕೆಟ್ ಕಡೆ ಹೋಗುವವರ ಹತ್ತಿರ ತರಿಸುವುದಾದರೆ ಪಿನ್ನು, ವೈರು, ಮೆತ್ತೆ ತರಿಸಿ. ದೊಡ್ಡ ಕಂಪನಿ ಹೆಸರಿನ ಹೆಡ್‌ಫೋನ್ ಬಿಲ್ಲಿಲ್ಲದೆ ಅರ್ಧ ರೇಟಿಗೆ ಸಿಕ್ಕರೆ ಎಲ್ಲಿಯಾದರೂ ಸರಿ, ಅದು ಡುಪ್ಲಿಕೇಟು ಅಂತಲೇ ತಿಳಿಯಿರಿ. ಬಿಲ್ಲಿದ್ದೂ ವಾರಂಟಿ ಕೊಡದೆ ಸತಾಯಿಸಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ನಮ್ಮ ಕಡೆಯ ಮಳೆಗಾಲ ನಿಮಗೆ ಹೇಳಬೇಕಾಗಿಲ್ಲ. ಚರ್ಮದಂತೆ ಕಾಣುವ ಮೆತ್ತೆ ಇರುತ್ತದಲ್ಲ, ಅದು ಬೆವರಿಗೂ ತೇವಕ್ಕೂ ಸಿಪ್ಪೆ ಏಳುತ್ತದೆ, ಕಿವಿಗೆಲ್ಲ ಕಪ್ಪು ಚೂರು ಅಂಟುತ್ತದೆ. ಮೆತ್ತೆ ಮೇಲೆ ಹಳೇ ಹತ್ತಿ ಬಟ್ಟೆಯ ಗವಸು ಹೊಲಿದು ಹಾಕಿದರೆ ಆಗಾಗ ಒಗೆಯಬಹುದು. ಕೆಲಸ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಹಾಕಿಡಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಒಳಗಿರಲಿ. ಅಕ್ಕಿ ಡಬ್ಬಕ್ಕೆ ಹಾಕಬೇಡಿ, ಹುಡಿ ಜಾಲರಿಯಲ್ಲಿ ಕೂರುತ್ತದೆ. ಬ್ಯಾಗಿಗೆ ಹಾಕುವಾಗಲೂ ಅದೇ ಡಬ್ಬ, ನಿಮ್ಮ ಹಳೆಯದು ಮುರಿದದ್ದೇ ಬ್ಯಾಗಿನಲ್ಲಿ ತಾನೇ. ವೈರನ್ನು ಫೋನಿಗೆ ಬಿಗಿಯಾಗಿ ಸುತ್ತುವ ಅಭ್ಯಾಸ ಇದ್ದರೆ ಬಿಡಿ, ಸಡಿಲವಾಗಿ ಸುರುಳಿ ಮಾಡಿ. ಇಯರ್‌ಫೋನಿನಲ್ಲಿ ಒಂದು ಕಡೆ ಸದ್ದು ಸಣ್ಣ ಆದರೆ ಗಾಬರಿ ಬೇಡ, ಹೆಚ್ಚಾಗಿ ಜಾಲರಿಗೆ ಕಿವಿಯ ಗುಗ್ಗೆ ಕಟ್ಟಿರುತ್ತದೆ. ತೂತು ಕೆಳಗೆ ಮಾಡಿ ಹಿಡಿದು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಳೆ ಕೊಚ್ಚುವ ಮಷಿನ್ ಹಿಡಿದಾಗ ಹಾಡು ಕೇಳಬೇಡಿ. ಪೆಟ್ರೋಲ್ ಮಷಿನ್ನಿನ ಸದ್ದು ಕಿವಿಯ ಹತ್ತಿರ 90 ಡೆಸಿಬಲ್ ಮೀರುತ್ತದೆ, ಅದರ ಮೇಲೆ ಕೇಳಬೇಕು ಅಂದರೆ ಹಾಡನ್ನು ಅದಕ್ಕಿಂತ ಜೋರು ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಷ್ಟೂ ಆ ಹೊತ್ತು ಬೇಗ ಬೇಗ ಕರಗುತ್ತದೆ. ಸಾಲದ್ದಕ್ಕೆ ಹಿಂದಿನಿಂದ ಯಾರಾದರೂ ಕೂಗಿದರೂ ಕೇಳುವುದಿಲ್ಲ. ಮಷಿನ್ ಹೊತ್ತಿನಲ್ಲಿ ಸದ್ದು ತಡೆಯುವ ಇಯರ್‌ಮಫ್ ಹಾಕಿ, ಅಡಿಕೆ ಸುಲಿಯುವಾಗ, ಗೊಬ್ಬರ ಹಾಕುವಾಗ ಪದ ಕೇಳಿ. ತೋಟದಲ್ಲಿ ಒಂದು ಕಿವಿ ಖಾಲಿ ಇಟ್ಟುಕೊಂಡರೆ ಇನ್ನೂ ವಾಸಿ, ಆಗ ಮೇಲೆ ಹೇಳಿದ ಮೋನೋ ಸೆಟ್ಟಿಂಗ್ ಮತ್ತೆ ಉಪಯೋಗಕ್ಕೆ ಬರುತ್ತದೆ.

ವೈರು ಕಳಚುವ ಇಯರ್‌ಫೋನ್ ತರಿಸುವುದಾದರೆ ಅದರೊಟ್ಟಿಗೆ ಒಂದು ಹೆಚ್ಚುವರಿ ವೈರೂ ತರಿಸಿಟ್ಟುಕೊಳ್ಳಿ, ಆಮೇಲೆ ಮಾಡೆಲ್ ನಿಂತುಹೋದರೆ ಹುಡುಕುವುದು ತಾಪತ್ರಯ. ನಿಮ್ಮ ಫೋನ್ ಯಾವುದು ಅಂತ ಇಲ್ಲೇ ಬರೆಯಿರಿ, ಯಾವ ಅಡಾಪ್ಟರ್ ನಡೆಯುತ್ತದೆ ಅಂತ ನೋಡಿ ಹೇಳುತ್ತೇನೆ. ಮುರಿದ ಕೀಲಿನದ್ದು ಒಂದು ಹತ್ತಿರದ ಫೋಟೋನೂ ಹಾಕಿ.