ಫೋನ್ ಕವರಿನಲ್ಲಿ ಕಾರ್ಡ್ ಇಡಬೇಡಿ

ಓದುಗರ ಹಣಕಾಸಿನ ಪ್ರಶ್ನೆಗಳಿಗೆ ಉತ್ತರ. ಉತ್ತರಿಸುವವರು ಮಂಡ್ಯ, ಶ್ರೀರಂಗಪಟ್ಟಣ, ಮೈಸೂರಿನ ಶಾಖೆಗಳಲ್ಲಿ 33 ವರ್ಷ ಕೆಲಸ ಮಾಡಿ ನಿವೃತ್ತರಾದ ಬ್ಯಾಂಕ್ ಅಧಿಕಾರಿ.

ಪ್ರಶ್ನೆ: ನನಗೆ 67 ವರ್ಷ. ನಿವೃತ್ತ ಶಿಕ್ಷಕಿ. ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ಬಳೇ ಇದ್ದೇನೆ. ಬೆಂಗಳೂರಿನಲ್ಲಿರುವ ಮಗ ನನ್ನ ಫೋನಿಗೆ ಹಣ ಕಳಿಸುವ ಆಪ್ ಹಾಕಿಕೊಟ್ಟು, ಪಿಂಚಣಿ ಖಾತೆಗೆ ಜೋಡಿಸಿದ್ದಾನೆ. ಹೋದ ತಿಂಗಳು ಬ್ಯಾಂಕಿನಿಂದ ಹೊಸ ಕಾರ್ಡೂ ಬಂತು. ಅದರ ಮೇಲೆ ವೈಫೈ ಥರದ ಒಂದು ಗುರುತಿದೆ. ಪಕ್ಕದ ಮನೆಯವರು, ‘ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ ಹತ್ತಬೇಡಿ, ಪಕ್ಕದಲ್ಲಿ ನಿಂತವರು ಮಷಿನ್ ತಾಗಿಸಿ ದುಡ್ಡು ಎಳೆದುಬಿಡ್ತಾರೆ’ ಅಂದರು. ಆವತ್ತಿನಿಂದ ಕಾರ್ಡು ಬೀರುವಿನಲ್ಲೇ ಇದೆ. ಫೋನಿನಲ್ಲಿ ಹಣ ಕೊಡುವಾಗಲೂ ಕೈ ನಡುಗುತ್ತದೆ. ಎರಡರಲ್ಲಿ ಯಾವುದು ಭದ್ರ?

ಉತ್ತರ: ಮೇಡಂ, ಮೊದಲು ಬಸ್ಸಿನ ಭಯ ಬಿಡಿ. ಆ ಗುರುತು ವೈಫೈಯದ್ದಲ್ಲ. ಕಾರ್ಡನ್ನು ಮಷಿನ್ ಒಳಗೆ ತೂರಿಸಬೇಕಾಗಿಲ್ಲ, ಮೇಲೆ ಹಿಡಿದರೆ ಸಾಕು ಅಂತ ತಿಳಿಸುವ ಗುರುತು ಅದು. ಮೂರು ನಾಲ್ಕು ಸೆಂಟಿಮೀಟರ್ ಹತ್ತಿರಕ್ಕೆ ತಂದರೆ ಮಾತ್ರ ಮಷಿನ್ ಓದುತ್ತದೆ. ಆ ಮಷಿನ್ ಆದರೂ ಕಂಡಕಂಡವರಿಗೆ ಸುಮ್ನೆ ಸಿಗುವುದಿಲ್ಲ. ಅಂಗಡಿಯ ಕಾಗದಪತ್ರ ಕೊಡಬೇಕು, ಬ್ಯಾಂಕ್ ಖಾತೆ ಇರಬೇಕು. ಎಳೆದ ದುಡ್ಡು ಆ ಖಾತೆಗೇ ಹೋಗುತ್ತದೆ. ಕಳ್ಳ ತನ್ನ ಹೆಸರು, ವಿಳಾಸ ಬರೆದಿಟ್ಟು ಕದ್ದ ಹಾಗೆ. ನಾನು ಕೆಲಸದಲ್ಲಿದ್ದಷ್ಟು ಕಾಲ ಬಸ್ಸಿನಲ್ಲಿ ಹೀಗಾಯಿತು ಅನ್ನುವ ಒಂದು ದೂರೂ ನನ್ನ ಮೇಜಿಗೆ ಬರಲಿಲ್ಲ. ಕಾರ್ಡ್ ಬೀಳಿಸಿಕೊಂಡು ಓಡಿ ಬಂದವರನ್ನು ಮಾತ್ರ ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ನೀವು ಹೆದರಬೇಕಾದದ್ದು ಅದಕ್ಕೆ. 2021ರ ಜನವರಿ 1ರಿಂದ 5,000 ರೂಪಾಯಿವರೆಗೆ ಪಿನ್ ಒತ್ತದೆ, ಕಾರ್ಡ್ ತಾಗಿಸಿಯೇ ಹಣ ಕೊಡಬಹುದು. ಮೊದಲು ಇದು 2,000 ಇತ್ತು. ಅಂದರೆ ಬಿದ್ದ ಕಾರ್ಡ್ ಸಿಕ್ಕವರೂ ತಾಗಿಸಬಹುದು, ಅಲ್ವಾ? ಇದಕ್ಕೂ ದಾರಿ ಇದೆ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ನಿಯಮ ತಂದಿದೆ. ಹೊಸ ಕಾರ್ಡು ಎಟಿಎಂಗೆ ಮತ್ತು ಅಂಗಡಿಯ ಮಷಿನ್‌ಗೆ ಮಾತ್ರ ಚಾಲೂ ಆಗಿ ಬರಬೇಕು. ತಾಗಿಸುವುದು, ಆನ್‌ಲೈನ್, ವಿದೇಶದ ಬಳಕೆ, ಇವೆಲ್ಲ ನೀವಾಗಿ ಕೇಳಿದ ಮೇಲೇ ಚಾಲೂ. ಎಷ್ಟು ರೂಪಾಯಿವರೆಗೆ ಅನ್ನುವ ಮಿತಿಯನ್ನೂ ನೀವೇ ಹಾಕಬಹುದು. ಬೀರುವಿನಿಂದ ಕಾರ್ಡ್ ತೆಗೆದುಕೊಂಡು ಶಾಖೆಗೆ ಹೋಗಿ, ‘ಇದರಲ್ಲಿ ಏನೇನು ಚಾಲೂ ಇದೆ, ತೋರಿಸಿ’ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ನನ್ನ ಕಾರ್ಡಿನಲ್ಲಿ ತಾಗಿಸುವುದಕ್ಕೆ 1,000 ರೂಪಾಯಿ ಮಿತಿ ಇಟ್ಟುಕೊಂಡಿದ್ದೇನೆ.

ಇನ್ನು ಕಾರ್ಡಿನ ಮೇಲಿರುವ ಆ ಚಿನ್ನದ ಬಣ್ಣದ ಚೌಕ. ಬಿಸಿಲಿಗೆ ಹಿಡಿದು ನೋಡಿ, ಕೂದಲೆಳೆಯಂಥ ಗೆರೆಗಳು ಅದನ್ನು ತುಂಡು ತುಂಡು ಮಾಡಿರುತ್ತವೆ. ಅದರ ಅಡಿಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇದೆ, ಚಿಪ್ ಅನ್ನುವುದು ಅದನ್ನೇ. ಪ್ರತಿ ಸಲ ಹಣ ಕೊಡುವಾಗಲೂ ಅದು ಹೊಸದೊಂದು ಗುಟ್ಟಿನ ಸಂಖ್ಯೆ ತಯಾರಿಸಿ ಬ್ಯಾಂಕಿಗೆ ಕಳಿಸುತ್ತದೆ. ಇವತ್ತಿನ ಸಂಖ್ಯೆ ನಾಳೆಗೆ ನಡೆಯುವುದಿಲ್ಲ. ಕಾರ್ಡಿನ ಹಿಂದಿರುವ ಕಪ್ಪು ಪಟ್ಟಿ ಹಾಗಲ್ಲ. ಅದರಲ್ಲಿ ಬರೆದದ್ದು ಬರೆದ ಹಾಗೇ ಇರುತ್ತದೆ, ಒಂದು ಸಲ ಓದಿಕೊಂಡವನು ಇನ್ನೊಂದು ಕಾರ್ಡಿಗೆ ನಕಲು ಇಳಿಸಬಹುದು. ಹಿಂದೆ ಕಾರ್ಡ್ ಉಜ್ಜುವ ಜಾಗದಲ್ಲಿ ಆಗುತ್ತಿದ್ದ ಮೋಸ ಇದೇ. ಅದಕ್ಕೇ ಬರೀ ಪಟ್ಟಿಯ ಕಾರ್ಡುಗಳನ್ನು 2018ರ ಕೊನೆಯೊಳಗೆ ಬದಲಾಯಿಸಿ ಚಿಪ್ಪಿನ ಕಾರ್ಡ್ ಕೊಡಿ ಅಂತ ಬ್ಯಾಂಕುಗಳಿಗೆ ಹೇಳಿದ್ದು. ಆ ತಿಂಗಳುಗಳಲ್ಲಿ ನಮ್ಮ ಶಾಖೆಯ ಮುಂದೆ ಹಳೆ ಕಾರ್ಡ್ ಹಿಡಿದ ಸಾಲು ಬೀದಿಯವರೆಗೂ ಇರುತ್ತಿತ್ತು.

ಫೋನಿನ ವಿಷಯಕ್ಕೆ ಬರೋಣ. ನಾವು ಎಲ್ಲವನ್ನೂ ‘ಫೋನ್‌ಪೇ ಮಾಡ್ತೀನಿ’ ಅಂದುಬಿಡುತ್ತೇವೆ. ಅದರಲ್ಲಿ ಎರಡು ಬಗೆ ಇದೆ. ವಾಲೆಟ್ ಅಂದರೆ ಮೊದಲೇ ಒಂದಿಷ್ಟು ಹಣ ತುಂಬಿಟ್ಟು ಅದರಿಂದ ಖರ್ಚು ಮಾಡುವುದು. ಯುಪಿಐ ಅಂದರೆ ಆಪ್ ಬರೀ ಬಾಗಿಲು, ಹಣ ಹೋಗುವುದು ನೇರ ನಿಮ್ಮ ಬ್ಯಾಂಕ್ ಖಾತೆಯಿಂದ. ನಿಮ್ಮ ಮಗ ಹಾಕಿಕೊಟ್ಟಿರುವುದು ಎರಡನೆಯದು. ಯುಪಿಐ ಕೆಟ್ಟದ್ದಲ್ಲ. ಫೋನಿಗೆ ಬೀಗ ಇದೆ, ಅದರ ಮೇಲೆ ಯುಪಿಐ ಪಿನ್ ಇದೆ. ಆದರೆ ಆ ಬಾಗಿಲು ತೆರೆದುಕೊಂಡಿರುವುದು ನಿಮ್ಮ ಪಿಂಚಣಿ ಖಾತೆಗೆ. ನನಗೆ ಕಳವಳ ಆದದ್ದು ಅಲ್ಲಿ. ಕಾರ್ಡೋ ಫೋನೋ ಅನ್ನುವುದಕ್ಕಿಂತ, ಅದರ ಹಿಂದೆ ಎಷ್ಟು ಹಣ ಇದೆ ಅನ್ನುವುದನ್ನು ಮೊದಲು ನೋಡಿ.

ನನ್ನ ತಮ್ಮನಿಗೆ ಆದದ್ದನ್ನು ಹೇಳುತ್ತೇನೆ. ಅವನು ಮಂಡ್ಯದ ಹತ್ತಿರ ಕಬ್ಬು ಬೆಳೆಯುತ್ತಾನೆ. ಫೋನಿನ ಹಿಂದೆ ಪುಸ್ತಕದ ರಟ್ಟಿನಂಥ ಕವರ್ ಇರುತ್ತದಲ್ಲ, ಅದರ ಜೇಬಿನಲ್ಲಿ ಎಟಿಎಂ ಕಾರ್ಡ್ ಇಟ್ಟುಕೊಳ್ಳುತ್ತಿದ್ದ. ಎರಡೂ ಒಂದೇ ಕಡೆ ಇದ್ದರೆ ಮರೆಯುವುದಿಲ್ಲ ಅಂತ. ಒಂದು ಸಂಜೆ ಮೈಸೂರಿನಿಂದ ವಾಪಸ್ ಹೋಗುವಾಗ ಮಂಡ್ಯ ಸ್ಟೇಷನ್‌ನಲ್ಲಿ ಇಳಿಯುವ ನೂಕುನುಗ್ಗಲಿನಲ್ಲಿ ಅಂಗಿಯ ಜೇಬಿನಿಂದ ಅದು ಹೋಯಿತು. ಫೋನಿಗೆ ಬೀಗ ಇತ್ತು. ಪಿನ್ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಧೈರ್ಯವಾಗಿ ಮನೆಗೆ ಹೋಗಿ ಮಲಗಿದ.

ಸಿಕ್ಕಿದವನು ಫೋನಿನ ಬೀಗ ಮುಟ್ಟಲೇ ಇಲ್ಲ. ಸಿಮ್ ತೆಗೆದು ತನ್ನ ಫೋನಿಗೆ ಹಾಕಿಕೊಂಡ. ಕಾರ್ಡಿನ ನಂಬರು, ಮುಗಿಯುವ ತಿಂಗಳು, ಹಿಂದಿನ ಮೂರು ಅಂಕಿ, ಎಲ್ಲ ಕಾರ್ಡಿನ ಮೇಲೇ ಇತ್ತು. ಆನ್‌ಲೈನಿನಲ್ಲಿ ಸಾಮಾನು ಕೊಂಡ, ಓಟಿಪಿ ಆ ಸಿಮ್ಮಿಗೇ ಬಂತು. ಬೆಳಿಗ್ಗೆ ಹೊತ್ತಿಗೆ ಮೂರು ಸಲದಲ್ಲಿ 38,000 ರೂಪಾಯಿ ಹೋಗಿತ್ತು. ಕಬ್ಬಿನ ಹಣ ಬಂದು ಇನ್ನೂ ವಾರ ಆಗಿರಲಿಲ್ಲ. ಬ್ಯಾಂಕಿನವರು, ‘ಓಟಿಪಿ ನಿಮ್ಮ ನಂಬರಿಗೇ ಹೋಗಿದೆಯಲ್ಲ’ ಅಂದರು. ಅವನು ನಾಲ್ಕು ತಿಂಗಳು ಅಲೆದ. ಆ ನಾಲ್ಕು ತಿಂಗಳು ಅವನು ನನ್ನ ಮುಂದೆ ಕೂತು ಊಟ ಮಾಡುವಾಗಲೂ ತಲೆ ಎತ್ತುತ್ತಿರಲಿಲ್ಲ. ಬ್ಯಾಂಕಿನಲ್ಲಿ ಇಡೀ ಜೀವನ ಕಳೆದ ಅಕ್ಕ ನಾನು, ಆ ಕವರನ್ನು ಎಷ್ಟು ಸಲ ನೋಡಿದ್ದೆ. ಒಂದು ಮಾತು ಹೇಳಿರಲಿಲ್ಲ. ಈ ಪುಟದಲ್ಲಿ ಇದನ್ನು ಮತ್ತೆ ಮತ್ತೆ ಬರೆಯುವುದು ಅದಕ್ಕೇ.

ಕಾರ್ಡು ಬೇರೆ ಕಡೆ, ಫೋನು ಬೇರೆ ಕಡೆ ಇರಲಿ. ಸಿಮ್ಮಿಗೂ ಒಂದು ಪಿನ್ ಹಾಕಿಸಿ. ಆಗ ಬೇರೆ ಫೋನಿಗೆ ಹಾಕಿದರೂ ಪಿನ್ ಕೊಡದೆ ಅದು ಕೆಲಸ ಮಾಡುವುದಿಲ್ಲ. ಇದನ್ನು ನೀವೇ ಮಾಡಲು ಹೋಗಬೇಡಿ, ಮೂರು ಸಲ ತಪ್ಪು ಒತ್ತಿದರೆ ಸಿಮ್ ಲಾಕ್ ಆಗುತ್ತದೆ. ಮಗ ಬಂದಾಗ ಮಾಡಿಸಿ. ಬ್ಯಾಂಕಿನ ಸಹಾಯವಾಣಿ, ಸಿಮ್ ಕಂಪನಿಯ ನಂಬರು, ಸೈಬರ್ ವಂಚನೆಗೆ 1930, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ಫೋನ್ ಕಳೆದ ಮೇಲೆ ಫೋನಿನಲ್ಲಿದ್ದ ನಂಬರು ಸಿಗುವುದಿಲ್ಲ. ಮತ್ತೆ, ರಾತ್ರಿಯಾಯಿತು ಅಂತ ಕಾಯಬೇಡಿ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ನೀವು ಬ್ಯಾಂಕಿಗೆ ತಿಳಿಸಿದ ಮೇಲೆ ಹೋಗುವ ಹಣಕ್ಕೆ ನೀವು ಹೊಣೆಯಲ್ಲ. ನನ್ನ ತಮ್ಮ ಸ್ಟೇಷನ್ನಿನಿಂದಲೇ ಯಾರದಾದರೂ ಫೋನು ಕೇಳಿ ತಿಳಿಸಿದ್ದರೆ ಆ ಹಣ ಉಳಿಯುತ್ತಿತ್ತು.

ಈಗ ದೊಡ್ಡ ಮಾತು. ನಮ್ಮಜ್ಜಿ ಮಂಡ್ಯದ ಸಂತೆಗೆ ಹೋಗುವಾಗ ಎಲೆಅಡಿಕೆ ಚೀಲದಲ್ಲಿ ಆವತ್ತಿನ ಖರ್ಚಿಗೆ ಬೇಕಾದಷ್ಟೇ ಹಾಕಿಕೊಳ್ಳುತ್ತಿದ್ದರು. ಉಳಿದದ್ದು ಸಾಸಿವೆ ಡಬ್ಬಿಯಲ್ಲಿ. ನೀವೂ ಹಾಗೇ ಮಾಡಿ. ಅದೇ ಶಾಖೆಯಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆಯಿರಿ. ಪಿಂಚಣಿ ಬಂದ ದಿನ ತಿಂಗಳ ಖರ್ಚಿನ ಹಣವನ್ನು, 12 ಸಾವಿರವೋ 15 ಸಾವಿರವೋ, ಅದಕ್ಕೆ ಹಾಕಿಸಿ. ಫೋನು, ಓಡಾಟಕ್ಕೆ ಇಟ್ಟುಕೊಳ್ಳುವ ಕಾರ್ಡು, ಎರಡೂ ಆ ಖಾತೆಗೆ ಮಾತ್ರ ಇರಲಿ. ಪಿಂಚಣಿ ಖಾತೆಯನ್ನು ಆಪ್‌ನಿಂದ ತೆಗೆಸಿಬಿಡಿ, ಅದರ ಕಾರ್ಡು ಬೀರುವಿನಲ್ಲೇ ಇರಲಿ. ಖಾತೆಯಲ್ಲಿ ಕನಿಷ್ಠ ಎಷ್ಟು ಹಣ ಇರಬೇಕು ಅಂತ ತೆರೆಯುವಾಗಲೇ ಕೇಳಿಕೊಳ್ಳಿ.

ಸಣ್ಣಪುಟ್ಟದ್ದಕ್ಕೆ ಯುಪಿಐ ಲೈಟ್ ಒಳ್ಳೆಯದು, ಅಂದರೆ ಅದೇ ಆಪ್‌ನೊಳಗೆ ಸ್ವಲ್ಪ ಹಣ ಮೊದಲೇ ತುಂಬಿಟ್ಟು ಅದರಿಂದ ಕೊಡುವುದು. ಅದರಲ್ಲಿ 5,000ಕ್ಕಿಂತ ಜಾಸ್ತಿ ತುಂಬಲು ಬರುವುದಿಲ್ಲ, ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಕೊಡಬಹುದು. ತರಕಾರಿ ಗಾಡಿಯ ಮುಂದೆ ನಾಲ್ಕು ಜನ ನೋಡುತ್ತಿರುವಾಗ ಪಿನ್ ಒತ್ತುವುದು ತಪ್ಪುತ್ತದೆ. ನಿಮ್ಮ ಕೈ ನಡುಗುವುದೂ ಅರ್ಧ ಕಡಿಮೆಯಾದೀತು.

ನಾನು ದೇವರಾಜ ಮಾರುಕಟ್ಟೆಗೆ ಹೋಗುವುದು ಹೇಗೆ ಅಂದರೆ, ಹೂವು, ವೀಳ್ಯದೆಲೆ, ಬಾಳೆಹಣ್ಣಿಗೆ ಫೋನು. ಔಷಧಿ, ಸೀರೆ, ಮಿಕ್ಸಿ ಥರದ ದೊಡ್ಡ ಬಿಲ್ಲಿಗೆ ಕಾರ್ಡ್ ತೂರಿಸಿ ಪಿನ್ ಒತ್ತುತ್ತೇನೆ, ಇನ್ನೊಂದು ಅಂಗೈ ಅಡ್ಡ ಹಿಡಿದು. ಕಾರ್ಡನ್ನು ಅಂಗಡಿಯವರ ಕೈಗೆ ಕೊಟ್ಟು ಒಳಗೆ ಕಳಿಸುವುದಿಲ್ಲ, ಮಷಿನ್ ಇಲ್ಲಿಗೇ ತನ್ನಿ ಅನ್ನುತ್ತೇನೆ. ಹೂವಿನ ಸಾಲಿನ ಒಳಗೆ ಎಷ್ಟೋ ಸಲ ನನ್ನ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಒಂದು ಮೊಳ ಮಲ್ಲಿಗೆ ಅಳೆದು ಕತ್ತರಿಸಿ ಎಲೆಗೆ ಸುತ್ತಿಟ್ಟ ಹೂವಾಡಗಿತ್ತಿಯನ್ನು, ಆ ಚಕ್ರ ತಿರುಗಿ ಮುಗಿಯುವವರೆಗೆ ಕಾಯಿಸುವುದು ನನಗೆ ಸರಿ ಅನ್ನಿಸುವುದಿಲ್ಲ. ಅದಕ್ಕೇ ಪರ್ಸಿನಲ್ಲಿ 500 ರೂಪಾಯಿ ಚಿಲ್ಲರೆ ಇದ್ದೇ ಇರುತ್ತದೆ. ನೋಟು ಅಚ್ಚಾಗುವ ಊರಿನವರು ನಾವು, ನೋಟನ್ನು ಪೂರ್ತಿ ಬಿಡುವುದು ಬೇಡ.

ಪ್ರಶ್ನೆ: ಮಂಡ್ಯದಲ್ಲಿ ದಿನಸಿ ಅಂಗಡಿ ಇಟ್ಟಿದ್ದೇನೆ. ಈಗ ಕ್ಯೂಆರ್ ಮಾತ್ರ ಇದೆ. ಕಾರ್ಡ್ ಮಷಿನ್ ಬೇಕಾ? ಹೋದ ವಾರ ಒಬ್ಬ ‘ಹಣ ಹೋಗಿದೆ’ ಅಂತ ಫೋನ್ ತೋರಿಸಿ 1,400 ರೂಪಾಯಿ ಸಾಮಾನು ತೆಗೆದುಕೊಂಡು ಹೋದ. ನನಗೆ ಏನೂ ಬಂದಿಲ್ಲ.

ಉತ್ತರ: ನಿಮ್ಮ 1,400 ನೆನೆದು ಬೇಜಾರಾಯಿತು ಸ್ವಾಮಿ. ಗಿರಾಕಿಯ ಫೋನಿನಲ್ಲಿ ಕಾಣುವ ಹಸಿರು ಟಿಕ್ ಲೆಕ್ಕಕ್ಕಿಲ್ಲ. ಅಂಥದ್ದೇ ಚಿತ್ರ ತೋರಿಸುವ ನಕಲಿ ಆಪ್‌ಗಳಿವೆ. ನಿಮ್ಮ ಸೌಂಡ್ ಬಾಕ್ಸ್ ಕೂಗಬೇಕು, ಇಲ್ಲವೇ ನಿಮ್ಮ ಫೋನಿಗೆ ಮೆಸೇಜ್ ಬರಬೇಕು. ಆಮೇಲೇ ಸಾಮಾನು ಕೈಗೆ ಕೊಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕ್ಯೂಆರ್ ಸ್ಟಿಕ್ಕರ್ ಮೇಲೆ ಉಗುರು ಆಡಿಸಿ ನೋಡಿ, ರಾತ್ರಿ ಯಾರಾದರೂ ತಮ್ಮ ಸ್ಟಿಕ್ಕರ್ ಅಂಟಿಸಿದ್ದರೆ ಅಂಚು ಕೈಗೆ ಸಿಗುತ್ತದೆ. ಹಣ ಬರಬೇಕಾದರೆ ನೀವು ಪಿನ್ ಒತ್ತಬೇಕಾಗಿಲ್ಲ. ‘ಹಣ ಕಳಿಸಿದ್ದೇನೆ, ಪಿನ್ ಒತ್ತಿ ತೆಗೆದುಕೊಳ್ಳಿ’ ಅಂದವನು ಮೋಸಗಾರ.

ಕಾರ್ಡ್ ಮಷಿನ್ ನಿಮಗೆ ಈಗಲೇ ಬೇಕಿಲ್ಲ ಅಂತ ನನ್ನ ಅನಿಸಿಕೆ. ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿಯಿಂದ ವ್ಯಾಪಾರಿಯ ಕಡೆಯಿಂದ ಶುಲ್ಕ ಹಿಡಿಯುವಂತಿಲ್ಲ. ಬೇರೆ ಡೆಬಿಟ್ ಕಾರ್ಡುಗಳಿಗೆ, ವರ್ಷಕ್ಕೆ 20 ಲಕ್ಷದೊಳಗಿನ ವ್ಯಾಪಾರವಿದ್ದರೆ ನೂರಕ್ಕೆ 40 ಪೈಸೆವರೆಗೆ ಹಿಡಿಯಬಹುದು. ಕ್ರೆಡಿಟ್ ಕಾರ್ಡಿಗೆ ಇನ್ನೂ ಜಾಸ್ತಿ. ಮೇಲೆ ಮಷಿನ್ ಬಾಡಿಗೆ. ದಿನಕ್ಕೆ ಎಷ್ಟು ಜನ ಕಾರ್ಡ್ ಇದೆಯಾ ಅಂತ ಕೇಳಿ ವಾಪಸ್ ಹೋಗುತ್ತಾರೆ, ಒಂದು ತಿಂಗಳು ಬರೆದಿಡಿ. ಆಮೇಲೆ ನಿರ್ಧಾರ ಮಾಡಿ.

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕಿತ್ತು ‘ನಗದು ಮಾತ್ರ’ ಅಂತ ಬರೆದರು. ಆ ಹೆದರಿಕೆಗೆ ನೀವು ಕೀಳಬೇಡಿ. ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಹಣ ನೋಟಿನಲ್ಲಿ ಬಂದರೂ ಫೋನಿನಲ್ಲಿ ಬಂದರೂ ಅದೇ ಲೆಕ್ಕ. ಅಂಗಡಿ ಖಾತೆ ಬೇರೆ, ಮನೆ ಖಾತೆ ಬೇರೆ ಮಾಡಿ, ಮಾಲು ತಂದ ಬಿಲ್ಲುಗಳನ್ನು ಫೈಲಿನಲ್ಲಿಡಿ.

ಪ್ರಶ್ನೆ: ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದೆ. ನನ್ನ ಖಾತೆಯಲ್ಲಿ 860 ರೂಪಾಯಿ ಕಟ್ ಆಯಿತು, ಅವರಿಗೆ ಬರಲಿಲ್ಲ. ಎರಡನೇ ಸಲ ಕೊಟ್ಟು ಬಂದೆ. ಮೊದಲಿನದು ವಾಪಸ್ ಬರುತ್ತಾ? (ಕುವೆಂಪುನಗರದ ಓದುಗರು)

ಉತ್ತರ: ಬರುತ್ತದೆ. ಅಂಗಡಿಗೆ ಕೊಟ್ಟ ಹಣ ಹೀಗೆ ಮಧ್ಯದಲ್ಲಿ ನಿಂತರೆ, ಆ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ನಿಮ್ಮ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಅಂತ 2019ರಿಂದ ನಿಯಮವಿದೆ. ಅಂಗಡಿಯ ಮಷಿನ್‌ನಲ್ಲಿ ಕಾರ್ಡ್ ಹಾಕಿದಾಗ ಹೀಗಾದರೂ ಇದೇ ಐದು ದಿನ. ಆಪ್‌ನಲ್ಲಿ ಆ ವ್ಯವಹಾರದ ಮೇಲೆ ಒತ್ತಿದರೆ 12 ಅಂಕಿಯ ಒಂದು ನಂಬರು ಕಾಣುತ್ತದೆ, ಅದನ್ನು ಈಗಲೇ ಬರೆದಿಟ್ಟುಕೊಳ್ಳಿ. ಆರನೇ ದಿನವೂ ಬಾರದಿದ್ದರೆ ಆ ನಂಬರು ಹಿಡಿದುಕೊಂಡು ನಿಮ್ಮ ಬ್ಯಾಂಕಿನ ಶಾಖೆಗೆ ಹೋಗಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರಿಗೆ ಮಾತ್ರ ಫೋನ್ ಮಾಡಬೇಡಿ.